ಕಣ್ಣೊಳಗೆ ಒಂದು ಹನಿ ಮದ್ದು

ಕಣ್ಣಿನ ಹಿಂಭಾಗದ ಒಳಗೋಡೆಗೆ ಹಾಸಿಕೊಂಡಿರುವ ತೆಳು ಪರದೆಯೇ ಅಕ್ಷಿಪಟಲ. ಆಸ್ಪತ್ರೆಯ ಮಾತಿನಲ್ಲಿ ರೆಟಿನಾ. ಅದರ ನಟ್ಟನಡುವೆ ಮ್ಯಾಕ್ಯುಲಾ ಎಂಬ ಪುಟ್ಟ ಜಾಗವಿದೆ. ಅದು ಕೆಟ್ಟರೆ ಪೇಪರು ಓದಲು, ಎದುರಿಗಿದ್ದವರ ಮುಖ ಗುರುತಿಸಲು, ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಕಣ್ಣಿಗೆ ಬಿಡುವ ಡ್ರಾಪ್ಸ್ ಅಷ್ಟು ಆಳಕ್ಕೆ ಸಾಕಷ್ಟು ಇಳಿಯದು. ನುಂಗಿದ ಮಾತ್ರೆಯ ಮದ್ದನ್ನು ರೆಟಿನಾದ ರಕ್ತನಾಳಗಳ ಗೋಡೆಯೇ ತಡೆಯುತ್ತದೆ. ಹಾಗಾಗಿ ಕಣ್ಣುಗುಡ್ಡೆಯ ಒಳಗೆ ತುಂಬಿರುವ ವಿಟ್ರಿಯಸ್ ಎಂಬ ಸುಮಾರು 4 ಮಿ.ಲೀ. ಲೋಳೆಗೇ ಮದ್ದನ್ನು ಚುಚ್ಚಿ ಬಿಡಬೇಕಾಗುತ್ತದೆ.

ಇದು ಬೇಕಾಗುವುದು ಮುಖ್ಯವಾಗಿ ಮೂರು ತೊಂದರೆಗಳಲ್ಲಿ: ಸಕ್ಕರೆ ಕಾಯಿಲೆಯಿಂದ ಮ್ಯಾಕ್ಯುಲಾ ಊದಿಕೊಂಡಾಗ, ವಯಸ್ಸಾದವರಲ್ಲಿ ಅದರ ಅಡಿಯಿಂದ ಹೊಸ ರಕ್ತನಾಳಗಳು ಮೊಳೆತು ಸೋರಿದಾಗ, ರೆಟಿನಾದ ರಕ್ತನಾಳ ಕಟ್ಟಿಕೊಂಡಾಗ. ‘ನರದಲ್ಲಿ ನೀರು ತುಂಬಿದೆ’ ಎಂದು ರೋಗಿಗೆ ಹೇಳುವುದು ಈ ಊತವನ್ನೇ. ಮೂರರಲ್ಲೂ ವಿಇಜಿಎಫ್ ಎಂಬ ಪ್ರೋಟೀನಿನ ಕೈವಾಡವಿದೆ. ಆಮ್ಲಜನಕ ಸಾಲದಾದಾಗ ದೇಹ ಹೊಸ ರಕ್ತನಾಳ ಬೆಳೆಸಲು ಇದನ್ನು ಸುರಿಸುತ್ತದೆ. ಗಾಯ ಮಾಯಲು ಬೇಕಾದ ಈ ಗುಣವೇ ಕಣ್ಣೊಳಗೆ ಕೇಡು ತರುತ್ತದೆ.

ಅಮೆರಿಕದ ಜೆನೆನ್‌ಟೆಕ್ ಕಂಪನಿಯಲ್ಲಿದ್ದ ನಪೋಲಿಯೋನ್ ಫೆರಾರಾ 1989ರಲ್ಲಿ ಈ ಪ್ರೋಟೀನಿನ ಗುರುತು ಹಿಡಿದರು. ಅದನ್ನು ಕಟ್ಟಿಹಾಕುವ ಬೆವಾಸಿಝುಮಾಬ್, ಅಂದರೆ ಅವಾಸ್ಟಿನ್, 2004ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಮದ್ದಾಗಿ ಬಂತು. ಕಣ್ಣಿಗೆಂದೇ ತಯಾರಾದ ರಾನಿಬಿಝುಮಾಬ್‌ಗೆ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ. ಅದರ ಹಾದಿ ಕಾಯುತ್ತಿದ್ದ ಹೊತ್ತಿನಲ್ಲೇ, 2005ರಲ್ಲಿ, ಮಯಾಮಿಯ ವೈದ್ಯ ಫಿಲಿಪ್ ರೋಸೆನ್‌ಫೆಲ್ಡ್ ಕ್ಯಾನ್ಸರ್ ಮದ್ದನ್ನೇ ಹನಿಯಷ್ಟು ತೆಗೆದು ಕಣ್ಣಿಗೆ ಚುಚ್ಚಿ ನೋಡಿದರು. ಊತ ಇಳಿಯಿತು. ಒಂದು ಡೋಸಿಗೆ ಸುಮಾರು 2,000 ಡಾಲರ್ ಬೆಲೆಯ ರಾನಿಬಿಝುಮಾಬ್‌ಗೆ ಸುಮಾರು 50 ಡಾಲರಿನ ಬದಲಿ ಸಿಕ್ಕಿತ್ತು. ಎರಡನ್ನೂ ಎದುರುಬದುರು ಇಟ್ಟು ಅಮೆರಿಕ ಸರ್ಕಾರದ ಹಣದಲ್ಲಿ ನಡೆದ ಪರೀಕ್ಷೆಯ ಫಲ 2011ರಲ್ಲಿ ಹೊರಬಂತು: ದೃಷ್ಟಿಯ ಲೆಕ್ಕದಲ್ಲಿ ಎರಡೂ ಸಮ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೆವಾಸಿಝುಮಾಬನ್ನು ಕಣ್ಣಿನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ರಾನಿಬಿಝುಮಾಬ್ ನಂತರ ಅಫ್ಲಿಬರ್ಸೆಪ್ಟ್, ಫ್ಯಾರಿಸಿಮಾಬ್ ಎಂಬ ಮದ್ದುಗಳೂ ಬಂದವು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಆಗಲೇ ಸಾಕಷ್ಟು ಕುಂದಿದ್ದವರಿಗೆ ಅಫ್ಲಿಬರ್ಸೆಪ್ಟ್ ಹೆಚ್ಚು ಫಲ ಕೊಡುತ್ತದೆ ಎಂಬುದು 2015ರ ಮತ್ತೊಂದು ಹೋಲಿಕೆಯಲ್ಲಿ ಕಂಡುಬಂತು. ಅದೇ ವರ್ಷ ಭಾರತದಲ್ಲಿ ರಾನಿಬಿಝುಮಾಬ್‌ನ ಅಗ್ಗದ ಪ್ರತಿರೂಪ ರಝುಮಾಬ್ ಮಾರುಕಟ್ಟೆಗೆ ಇಳಿಯಿತು.

‘ಕಣ್ಣಿಗೆ ಸೂಜಿ’ ಎಂದೊಡನೆ ಎದೆ ಧಸಕ್ಕೆನ್ನುತ್ತದೆ. ಚುಚ್ಚುವ ಕೆಲಸ ಮುಗಿಯಲು ಕೆಲವೇ ಸೆಕೆಂಡು ಸಾಕು; ಹೊತ್ತು ಹಿಡಿಯುವುದು ಅದಕ್ಕೆ ಮುಂಚಿನ ಸಿದ್ಧತೆ. ಮರಗಟ್ಟಿಸುವ ಡ್ರಾಪ್ಸ್ ಬಿಟ್ಟು, ರೆಪ್ಪೆಯ ಸುತ್ತ ಒರೆಸಿ, ಕಣ್ಣೊಳಗೆ ಶೇ 5ರ ಪೊವಿಡೋನ್ ಅಯೋಡಿನ್ ಹಾಕುತ್ತಾರೆ. ಈ ಕಂದು ದ್ರಾವಣವೇ ಸೋಂಕಿಗೆ ನಿಜವಾದ ಕಾವಲು. ಮರುದಿನದವರೆಗೂ ಕಣ್ಣು ಉರಿದರೆ ಬಹುಪಾಲು ಅದರ ಕೆಲಸವೇ, ಸೂಜಿಯದಲ್ಲ. ರೆಪ್ಪೆ ಮುಚ್ಚದಂತೆ ತಂತಿಯ ಕ್ಲಿಪ್ ಹಾಕಿ, ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿ.ಮೀ. ಅಳೆದು ಬಿಳಿಗುಡ್ಡೆಗೆ ಚುಚ್ಚುತ್ತಾರೆ. ಇನ್ನೂ ಮುಂದಕ್ಕೆ ಸರಿದರೆ ಸೂಜಿ ಮಸೂರಕ್ಕೆ ತಾಗಿ ಪೊರೆ ಬರಬಹುದು, ಹಿಂದಕ್ಕೆ ಸರಿದರೆ ರೆಟಿನಾ ಹರಿಯಬಹುದು. ಕೂದಲೆಳೆಯಂಥ ಸೂಜಿಯಿಂದ ಒಳಹೋಗುವುದು 0.05 ಮಿ.ಲೀ., ಒಂದೇ ಹನಿ. ಆ ಹೊತ್ತಿನಲ್ಲಿ ಮಾಸ್ಕ್ ಧರಿಸಿದ ವೈದ್ಯರೂ ಬಾಯಿ ಬಿಡುವುದಿಲ್ಲ, ರೋಗಿಗೂ ಮಾತಾಡಬೇಡಿ ಎನ್ನುತ್ತಾರೆ; ಬಾಯಿಯ ತುಂತುರಿನಲ್ಲಿರುವ ಸ್ಟ್ರೆಪ್ಟೊಕಾಕಸ್ ಕಣ್ಣಿಗೆ ಹೋದರೆ ಉಳಿಗಾಲವಿಲ್ಲ. ಕೊನೆಗೆ ‘ಎಷ್ಟು ಬೆರಳು?’ ಎಂದು ಕೇಳುವುದು, ಏರಿದ ಒತ್ತಡದಿಂದ ಕಣ್ಣಿನ ರಕ್ತಸಂಚಾರ ನಿಂತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು.

ಆಮೇಲೆ ಬಿಳಿಗುಡ್ಡೆಯ ಮೇಲೆ ರಕ್ತದ ಕಲೆ ಮೂಡಿದರೆ ನೋಡಲಷ್ಟೇ ಭಯಂಕರ; ಒಂದೆರಡು ವಾರದಲ್ಲಿ ಮಾಯವಾಗುತ್ತದೆ. ಸಿರಿಂಜಿನ ಗಾಳಿಗುಳ್ಳೆ ಒಳಹೋಗಿದ್ದರೆ ನೋಟದಲ್ಲಿ ಕಪ್ಪು ಮಣಿ ಉರುಳಾಡಿದಂತೆ ಕಾಣುತ್ತದೆ. ಗುಳ್ಳೆ ಇರುವುದು ಕಣ್ಣಿನ ಮೇಲ್ಭಾಗದಲ್ಲಿ, ಕಾಣುವುದು ಕೆಳಗೆ: ರೆಟಿನಾದ ಮೇಲಿನ ಅರ್ಧ ನೋಡುವುದೇ ಕೆಳಗಿನ ಲೋಕವನ್ನು. ಅದೂ ಒಂದೆರಡು ದಿನದ ಆಟ.

ನಿಜವಾಗಿ ಅಂಜಬೇಕಾದದ್ದು ಎಂಡಾಫ್ಥಾಲ್ಮೈಟಿಸ್‌ಗೆ, ಅಂದರೆ ಕಣ್ಣೊಳಗಿನ ಸೋಂಕಿಗೆ. ಶಿಸ್ತಿನ ಕಡೆ ಇದು ಸುಮಾರು ಎರಡು-ಮೂರು ಸಾವಿರ ಇಂಜೆಕ್ಷನ್ನಿಗೆ ಒಂದು. ಆದರೆ ಮದ್ದಿನ ಸೀಸೆಯೇ ಕೆಟ್ಟಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಅವಾಸ್ಟಿನ್‌ನ 4 ಮಿ.ಲೀ. ಸೀಸೆಯಲ್ಲಿ 100 ಮಿ.ಗ್ರಾಂ. ಮದ್ದಿರುತ್ತದೆ, ಒಂದು ಕಣ್ಣಿಗೆ ಬೇಕಾದದ್ದು 1.25 ಮಿ.ಗ್ರಾಂ. ಒಂದೇ ಸೀಸೆಯನ್ನು ಹತ್ತಾರು ಸಿರಿಂಜಿಗೆ ಹಂಚುವುದರಿಂದಲೇ ಅದು ಅಗ್ಗ, ಅಪಾಯ ಹೊಕ್ಕುವುದೂ ಆ ಹಂಚಿಕೆಯಲ್ಲೇ. 2011ರಲ್ಲಿ ಮಯಾಮಿ ಸುತ್ತಮುತ್ತ ಒಂದೇ ಔಷಧಾಲಯ ತುಂಬಿಸಿದ ಸಿರಿಂಜುಗಳಿಂದ 12 ಮಂದಿಗೆ ಸೋಂಕು ತಗುಲಿತು. 2023ರಲ್ಲಿ ಪಾಕಿಸ್ತಾನದ ಪಂಜಾಬಿನಲ್ಲೂ ಹೀಗೆ ಹಂಚಿದ ಮದ್ದಿನಿಂದ ಹಲವರ ದೃಷ್ಟಿ ಹೋಯಿತು. ಗುಜರಾತಿನಲ್ಲಿ 15 ಮಂದಿಗೆ ತೊಂದರೆಯಾದಾಗ, 2016ರ ಜನವರಿಯಲ್ಲಿ, ಭಾರತದ ಔಷಧ ನಿಯಂತ್ರಕರು ಅವಾಸ್ಟಿನ್ ಅನ್ನು ಕಣ್ಣಿಗೆ ಬಳಸದಂತೆ ಎಚ್ಚರಿಕೆ ಹೊರಡಿಸಿದರು. ಬಡ ರೋಗಿಗಳ ಗತಿಯೇನು ಎಂದು ರೆಟಿನಾ ವೈದ್ಯರು ಪಟ್ಟು ಹಿಡಿದ ಮೇಲೆ ಮಾರ್ಚಿನಲ್ಲಿ ಆ ಎಚ್ಚರಿಕೆಯನ್ನು ಹಿಂತೆಗೆದುಕೊಂಡರು. ಆ ಹಿಂತೆಗೆತ ಸರಿಯಾಗಿಯೇ ಇತ್ತು. ಅಗ್ಗದ ಮದ್ದು ಕಿತ್ತುಕೊಂಡರೆ ಕುರುಡರಾಗುವವರ ಸಂಖ್ಯೆ ಸೋಂಕಿನವರಿಗಿಂತ ದೊಡ್ಡದು.

ಇದೇ ಊತಕ್ಕೆ ಕೆಲವೊಮ್ಮೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್‌ಗಳದು ಬೇರೆ ತಕರಾರು: ಪೊರೆ ಬೇಗ ಬೆಳೆಯುತ್ತದೆ, ಕಣ್ಣಿನ ಒತ್ತಡ ಏರುತ್ತದೆ. ವಿಇಜಿಎಫ್ ತಡೆಯುವ ಮದ್ದಿನ ಅಲ್ಪಸ್ವಲ್ಪ ಅಂಶ ರಕ್ತಕ್ಕೂ ಸೇರುವುದರಿಂದ ಇತ್ತೀಚೆಗೆ ಪಾರ್ಶ್ವವಾಯು, ಹೃದಯಾಘಾತ ಆದವರು, ಗರ್ಭಿಣಿಯರು ಮೊದಲೇ ತಿಳಿಸಬೇಕು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾ ತೊಂದರೆಗೂ ಲೇಸರ್ ಜೊತೆಗೆ ಈಗ ಈ ಮದ್ದಿದೆ. ಆದರೆ ತಿಂಗಳುಗಳ ಮೇಲೂ ರೋಗ ಮರುಕಳಿಸಬಹುದಾದ್ದರಿಂದ ತಪಾಸಣೆ ಬಿಡುವಂತಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್ರಾಪ್ ಯೋಜನೆಯ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ವಾರ್ಡುಗಳಿಗೇ ಹೋಗುವುದು ಇಂಥ ಶಿಶುಗಳ ರೆಟಿನಾ ತಪಾಸಣೆಗೇ.

ಒಂದು ಇಂಜೆಕ್ಷನ್ನಿನ ಪ್ರಭಾವ ನಾಲ್ಕರಿಂದ ಎಂಟು ವಾರ, ಹೊಸ ಮದ್ದುಗಳದು ಕೆಲವರಲ್ಲಿ ಇನ್ನೂ ಹೆಚ್ಚು. ಮೊದಲು ತಿಂಗಳಿಗೊಂದರಂತೆ ಕನಿಷ್ಠ ಮೂರು, ಆಮೇಲೆ ಸ್ಕ್ಯಾನ್ ನೋಡಿ ಅಂತರ ಹೆಚ್ಚಿಸುತ್ತಾರೆ. ಎರಡು ಹಾಕಿಸಿಕೊಂಡು ‘ಈಗ ಪರವಾಗಿಲ್ಲ’ ಎಂದು ಮನೆಯಲ್ಲಿ ಕೂರುವವರೇ ಬಹಳ. ಸೋಂಕಿಗಿಂತ ಹೆಚ್ಚು ಕಣ್ಣು ಹೋಗುವುದು ಹೀಗೆ.

ಇಂಜೆಕ್ಷನ್ ದಿನ ಉಪವಾಸ ಬೇಡ. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ಬೇಡ. ಎರಡನೆಯ ದಿನದಿಂದ ವಾರದೊಳಗೆ ನೋವು ಏರುತ್ತಾ ಹೋದರೆ, ಬೆಳಕು ಚುಚ್ಚಿದರೆ, ದೃಷ್ಟಿ ಮಂಜಾದರೆ, ಅಂದೇ, ಭಾನುವಾರವಾದರೂ ಸರಿ, ಆಸ್ಪತ್ರೆಗೆ ಹೋಗಿ.