ಒಂದೇ ಕೀ, ಎರಡು ಸಾಲು

ಲಕ್ಷ ಸಾಲುಗಳನ್ನು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ನಕಲು ಮಾಡಲು ಮೈಎಸ್‌ಕ್ಯೂಎಲ್‌ನಲ್ಲಿ ಒಂದೇ ಆದೇಶ ಸಾಕು. ಆದರೆ ಅವುಗಳಲ್ಲಿ ಒಂದರ ಕೀ ಅಲ್ಲಿ ಆಗಲೇ ಇದ್ದರೂ 1062 ಎಂಬ ದೋಷ ಸಂಖ್ಯೆ ಬಂದು ಕೆಲಸ ನಿಲ್ಲುತ್ತದೆ. ಇನ್ನೋಡಿಬಿ ಎಂಜಿನ್ ಅಲ್ಲಿಯವರೆಗೆ ಸೇರಿಸಿದ್ದನ್ನೂ ಅಳಿಸಿಹಾಕುತ್ತದೆ.

ಯಂತ್ರ ಹೀಗೆ ಹಟ ಹಿಡಿಯುವುದು ಸರಿಯೇ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ಪ್ರೈಮರಿ ಕೀ ಎಂದರೆ ಒಂದು ಸಾಲನ್ನು ಉಳಿದೆಲ್ಲವುಗಳಿಂದ ಬೇರೆ ಮಾಡುವ ಗುರುತು. ಅದು ಇಬ್ಬರದಾದರೆ ಗುರುತಾಗಿ ಉಳಿಯುವುದಿಲ್ಲ.

ಹಾಗಾದರೆ ಬಂದ ಸಾಲನ್ನು ಏನು ಮಾಡುವುದು? ಗ್ರಂಥಾಲಯವೊಂದರ ಮುಖ್ಯ ಟೇಬಲ್‌ನಲ್ಲಿ 417ನೇ ಸದಸ್ಯರ ಹೆಸರು, ಫೋನ್, ವಿಳಾಸ ಇವೆ ಎಂದುಕೊಳ್ಳೋಣ. ಶಾಖೆಯಿಂದ ಬಂದ ಪಟ್ಟಿಯಲ್ಲಿ ಅದೇ 417ಕ್ಕೆ ಹೆಸರು ಮತ್ತು ಹೊಸ ಫೋನ್ ಮಾತ್ರ ಇವೆ. 'ಇನ್ಸರ್ಟ್ ಇಗ್ನೋರ್' ಎಂದರೆ ಹಳೆಯ ಸಾಲು ಹಾಗೆಯೇ ಉಳಿಯುತ್ತದೆ, ಹೊಸ ಫೋನ್ ಸೇರುವುದೇ ಇಲ್ಲ. ಈ ಆದೇಶ ಬೇರೆ ದೋಷಗಳನ್ನೂ ಬರೀ ಎಚ್ಚರಿಕೆಗೆ ಇಳಿಸುತ್ತದೆ. ಹೆಸರು ಉದ್ದವಾಗಿದ್ದರೆ ಕತ್ತರಿಸಿ ತುಂಬಿಬಿಡುತ್ತದೆ.

'ರಿಪ್ಲೇಸ್' ಇನ್ನೂ ಅಪಾಯಕಾರಿ. ತಿದ್ದುತ್ತದೆ ಎಂದು ಕಂಡರೂ ಅದು ಮಾಡುವುದು ಹಳೆಯ ಸಾಲನ್ನು ಅಳಿಸಿ ಹೊಸದನ್ನು ಸೇರಿಸುವ ಕೆಲಸ. ವಿಳಾಸ ಹೋಯಿತು. ಸದಸ್ಯರ ಸಾಲು ಅಳಿದರೆ ಅವರ ಎರವಲು ದಾಖಲೆಗಳೂ ಅಳಿಯಲಿ ಎಂಬ ಕ್ಯಾಸ್ಕೇಡ್ ನಿಯಮವಿದ್ದರೆ, ಅವರು ಇನ್ನೂ ಹಿಂದಿರುಗಿಸದ ಪುಸ್ತಕಗಳ ಲೆಕ್ಕವೂ ಹೋಯಿತು!

ಇಲ್ಲಿ ಬೇಕಾದದ್ದು 'ಆನ್ ಡುಪ್ಲಿಕೇಟ್ ಕೀ ಅಪ್‌ಡೇಟ್'. ಫೋನ್ ಅಂಕಣವೊಂದನ್ನೇ ಬದಲಿಸು ಎಂದು ಅದಕ್ಕೆ ಹೇಳಬಹುದು. ಹೊಸದಾಗಿ ಸೇರಿದ ಸಾಲಿಗೆ ಅದು 1 ಎಂದೂ ಬದಲಾದ ಸಾಲಿಗೆ 2 ಎಂದೂ ಎಣಿಸುವುದರಿಂದ, ಕೊನೆಯಲ್ಲಿ ಬರುವ ಮೊತ್ತ ಕಳಿಸಿದ ಸಾಲುಗಳಿಗಿಂತ ಹೆಚ್ಚಿದ್ದರೆ ಗಾಬರಿ ಬೇಡ.

ಮೊದಲು ಹುಡುಕಿ, ಇಲ್ಲದಿದ್ದರೆ ಸೇರಿಸಿದರಾಯಿತಲ್ಲ? ಆಗದು. ಹುಡುಕುವುದಕ್ಕೂ ಸೇರಿಸುವುದಕ್ಕೂ ನಡುವಿನ ಕ್ಷಣದಲ್ಲಿ ಇನ್ನೊಂದು ಕೌಂಟರಿನಿಂದ ಅದೇ ಕೀ ಒಳಗೆ ಬಂದಿರಬಹುದು. ಎರಡೂ ಒಂದೇ ಆದೇಶದಲ್ಲಿ ಮುಗಿಯಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಈ ಸೌಲಭ್ಯ 'ಆನ್ ಕಾನ್‌ಫ್ಲಿಕ್ಟ್' ಎಂಬ ಹೆಸರಿನಲ್ಲಿ 9.5ನೇ ಆವೃತ್ತಿಯ ಜೊತೆ 2016ರ ಜನವರಿಯಲ್ಲಿ ಬಂತು.

ಕನ್ನಡದ ಹೆಸರನ್ನೇ ಕೀ ಮಾಡಿದಾಗ ಮತ್ತೊಂದು ತೊಡಕಿದೆ. 'ಗೋಪಾಲ'ದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಓದುವ ಕಣ್ಣಿಗೆ ಎರಡೂ ಒಂದೇ. ಬೈಟ್‌ಗಳನ್ನು ಹೋಲಿಸುವ ಡೇಟಾಬೇಸ್‌ಗೆ ಮಾತ್ರ ಇವರು ಇಬ್ಬರು ಗೋಪಾಲರು. ಅದು ದೋಷ ತೋರಿಸದೆ ಇಬ್ಬರನ್ನೂ ಸೇರಿಸಿಕೊಳ್ಳುತ್ತದೆ. ಆದ್ದರಿಂದ ನಕಲು ಮಾಡುವ ಮೊದಲೇ ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರಬೇಕು.