ದೃಶ್ಯಕಲಾ ಪದವಿ: ಖರ್ಚೋ, ಬಂಡವಾಳವೋ?

ಮಗನೋ ಮಗಳೋ ಚಿತ್ರಕಲೆಯಲ್ಲಿ ಪದವಿ ಪಡೆಯುತ್ತೇನೆಂದಾಗ, "ಅದರಿಂದ ಹೊಟ್ಟೆ ತುಂಬುವುದೇ?" ಎಂಬ ಪ್ರಶ್ನೆ ವ್ಯಾಪಾರಸ್ಥ ಕುಟುಂಬಗಳಲ್ಲಿ ಏಳುವುದು ಸಹಜ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರವನ್ನು ಹೊರಗೆ ಹುಡುಕುವ ಮೊದಲು ನಮ್ಮ ಖರ್ಚಿನ ಖಾತೆಗಳನ್ನು ಒಮ್ಮೆ ತೆರೆದು ನೋಡುವುದು ಒಳಿತು. ಲಾಂಛನ, ಲೇಬಲ್, ಪ್ಯಾಕಿಂಗ್ ಪೆಟ್ಟಿಗೆ, ನಾಮಫಲಕ, ಕ್ಯಾಟಲಾಗ್, ಜಾಹೀರಾತು, ವಸ್ತುಪ್ರದರ್ಶನದ ಮಳಿಗೆ, ಜಾಲತಾಣ ಇವುಗಳಿಗಾಗಿ ನಾವು ಪಾವತಿಸುವ ಹಣದಲ್ಲಿ ಕಲಾವಿದನ ಸಂಭಾವನೆಯ ಪಾಲೂ ಅಡಗಿರುತ್ತದೆ.

ಕಲೆಗೂ ವಾಣಿಜ್ಯಕ್ಕೂ ಇರುವ ಈ ನಂಟು ಹೊಸದಲ್ಲ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ಸ್ಥಾಪಿಸಿದ್ದರಿಂದಲೇ ಅವರ ದೇವತಾ ಚಿತ್ರಗಳು ಅರಮನೆಯಿಂದ ಸಾಮಾನ್ಯರ ದೇವರಕೋಣೆಗೆ ಬಂದವು. ಮೈಸೂರಿನ ಇಂದಿನ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆಯ ಮೂಲವೂ ಕುಶಲಕೈಗಾರಿಕೆಗಳನ್ನು ಕಲಿಸಲು ಸ್ಥಾಪಿತವಾದ ತಾಂತ್ರಿಕ ಶಾಲೆಯೇ ಆಗಿದೆ.

ವ್ಯಾಸಂಗದ ಸ್ವರೂಪ

ಪಿ.ಯು.ಸಿ.ಯ ಯಾವುದೇ ವಿಭಾಗದಲ್ಲಿ ತೇರ್ಗಡೆಯಾದವರು ಸಾಮಾನ್ಯವಾಗಿ ನಾಲ್ಕು ವರ್ಷಗಳ ಬಿ.ವಿ.ಎ. ಪದವಿಗೆ ಸೇರಬಹುದು. ಅನೇಕ ಕಾಲೇಜುಗಳು ಅಭಿರುಚಿ ಪರೀಕ್ಷೆಯನ್ನು ನಡೆಸುತ್ತವೆ. ಮೊದಲು ರೇಖಾಚಿತ್ರ, ವರ್ಣ, ವಿನ್ಯಾಸಗಳ ತಳಹದಿ. ಅನಂತರ ಚಿತ್ರಕಲೆ, ಶಿಲ್ಪಕಲೆ, ಮುದ್ರಣಕಲೆ, ಅನ್ವಯಿಕ ಕಲೆ ಮುಂತಾದವುಗಳಲ್ಲೊಂದರ ವಿಶೇಷ ಅಧ್ಯಯನ. ಬೆಂಗಳೂರಿನಲ್ಲಿ 1960ರಲ್ಲಿ ಆರಂಭಗೊಂಡ ಚಿತ್ರಕಲಾ ಪರಿಷತ್ತು, ಮೈಸೂರಿನ ಮೇಲ್ಕಂಡ ಸಂಸ್ಥೆ ಹಾಗೂ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ನಮ್ಮ ರಾಜ್ಯದ ಪ್ರಮುಖ ಕೇಂದ್ರಗಳು.

ಉದ್ಯೋಗದ ದಾರಿಗಳು

1. ಅನ್ವಯಿಕ ಕಲೆ ಕಲಿತವರಿಗೆ ಜಾಹೀರಾತು ಸಂಸ್ಥೆ, ಪ್ರಕಾಶನ, ಪ್ಯಾಕೇಜಿಂಗ್ ಹಾಗೂ ಸಾಫ್ಟ್‌ವೇರ್ ಪರದೆಗಳ ವಿನ್ಯಾಸದಲ್ಲಿ ಕೆಲಸ ದೊರೆಯುತ್ತದೆ.

2. ಶಿಲ್ಪಕಲೆಯ ತರಬೇತಿ ಆಟಿಕೆ ಮತ್ತು ಆಭರಣಗಳ ಮಾದರಿ ತಯಾರಿಕೆಗೆ, ಚಲನಚಿತ್ರದ ಕಲಾನಿರ್ದೇಶನಕ್ಕೆ ಉಪಯುಕ್ತ.

3. ಚಿತ್ರ ಬರೆಯುವ ಕೈ ಪಳಗಿದವರಿಗೆ ಆನಿಮೇಷನ್, ಜವಳಿ ವಿನ್ಯಾಸ ಹಾಗೂ ಪುಸ್ತಕಚಿತ್ರಗಳ ಕ್ಷೇತ್ರಗಳಿವೆ.

4. ಸ್ನಾತಕೋತ್ತರ ಪದವಿಯೊಂದಿಗೆ ದೃಶ್ಯಕಲೆಯಲ್ಲಿ ಎನ್.ಇ.ಟಿ. ತೇರ್ಗಡೆಯಾದರೆ ಕಾಲೇಜು ಅಧ್ಯಾಪನಕ್ಕೆ ಅರ್ಹತೆ ದೊರಕುತ್ತದೆ. ವಸ್ತುಸಂಗ್ರಹಾಲಯ, ಕಲಾಕೃತಿ ಸಂರಕ್ಷಣೆಗಳೂ ಉಂಟು.

ಕೇವಲ ಕಲಾಕೃತಿ ಮಾರಿ ಬದುಕುವವರು ಕಡಿಮೆ. ಸಿದ್ಧ ಚಿತ್ರಗಳನ್ನು ಕ್ಷಣಾರ್ಧದಲ್ಲಿ ಒದಗಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬಂದಿರುವುದರಿಂದ, ಕೇವಲ ಕೈಚಳಕಕ್ಕಿಂತ ಗ್ರಾಹಕನ ಅಗತ್ಯವನ್ನು ಅರಿತು ವಿನ್ಯಾಸ ನಿರ್ಧರಿಸುವ ವಿವೇಚನೆಗೆ ಬೆಲೆ ಹೆಚ್ಚು.

ಲೆಕ್ಕಾಚಾರ

ಪೋಷಕರು ಶುಲ್ಕವೊಂದನ್ನೇ ಲೆಕ್ಕ ಹಾಕಬಾರದು. ಬಣ್ಣ, ಕಾಗದ, ಕ್ಯಾನ್‌ವಾಸ್, ಗಣಕಯಂತ್ರ, ಅಧ್ಯಯನ ಪ್ರವಾಸಗಳ ವೆಚ್ಚ ಪ್ರತಿ ವರ್ಷ ಬರುತ್ತದೆ. ಹೊಸ ಅಂಗಡಿ ತೆರೆದಾಗ ಮೊದಲ ದಿನಗಳಿಗೆ ದುಡಿಯುವ ಬಂಡವಾಳವನ್ನು ತೆಗೆದಿರಿಸುವಂತೆಯೇ, ಪದವಿ ಮುಗಿದ ಬಳಿಕ ಕನಿಷ್ಠ ಒಂದು ವರ್ಷದ ಜೀವನ ವೆಚ್ಚಕ್ಕೂ ಏರ್ಪಾಡು ಇರಲಿ. ಸ್ವತಂತ್ರ ಕಲಾವಿದನ ಆದಾಯ ತಿಂಗಳ ಸಂಬಳದಂತೆ ಬರುವುದಿಲ್ಲ. ಮುಂಗಡ ಪಡೆಯುವುದು, ಬಿಲ್ಲು ನೀಡುವುದು, ಜಮಾ-ಖರ್ಚು ಬರೆಯುವುದು ಇವನ್ನು ಕಾಲೇಜಿಗಿಂತ ನಮ್ಮ ಗದ್ದಿಗೆಯ ಮೇಲೆಯೇ ಅವರು ಚೆನ್ನಾಗಿ ಕಲಿಯಬಲ್ಲರು.

ಹಕ್ಕಿನ ಪ್ರಶ್ನೆ

ಕಲಾವಿದನಿಗೂ ಕೆಲಸ ಮಾಡಿಸುವ ಉದ್ಯಮಿಗೂ ಸಮಾನವಾಗಿ ಮುಖ್ಯವಾದುದು ಹಕ್ಕುಸ್ವಾಮ್ಯ. ಬೇರೆ ಕರಾರು ಇಲ್ಲದಿದ್ದರೆ, ನೌಕರನು ಉದ್ಯೋಗದ ಭಾಗವಾಗಿ ರಚಿಸಿದ ವಿನ್ಯಾಸದ ಹಕ್ಕು ಮಾಲೀಕನದು. ಆದರೆ ಹೊರಗಿನ ಕಲಾವಿದನಿಂದ ಬರೆಸಿದ ಲಾಂಛನದ ಹಕ್ಕು, ಹಣ ಪಾವತಿಸಿದ ಮಾತ್ರಕ್ಕೆ ನಮ್ಮದಾಯಿತೆಂದು ಭಾವಿಸಲಾಗದು. 1957ರ ಹಕ್ಕುಸ್ವಾಮ್ಯ ಅಧಿನಿಯಮದ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ವರ್ಗಾಯಿಸುವವರ ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಗಳಿಗೆ ಮಾತ್ರವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಪರಿಗಣಿತವಾಗುತ್ತದೆ. ರಫ್ತು ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪ್ರವೇಶಕ್ಕೆ ಮುನ್ನ ಮಕ್ಕಳೊಂದಿಗೆ ಕಾಲೇಜಿನ ವಾರ್ಷಿಕ ಪ್ರದರ್ಶನವನ್ನು ನೋಡಿ, ಹಿಂದಿನ ವಿದ್ಯಾರ್ಥಿಗಳು ಎಲ್ಲಿ ದುಡಿಯುತ್ತಿದ್ದಾರೆಂದು ವಿಚಾರಿಸಿ. ರಜೆಯಲ್ಲಿ ನಮ್ಮದೇ ಒಂದು ಉತ್ಪನ್ನದ ಹೊದಿಕೆಯನ್ನು ಮರುವಿನ್ಯಾಸಗೊಳಿಸುವ ಕೆಲಸವನ್ನು ಸೂಕ್ತ ಸಂಭಾವನೆಯೊಂದಿಗೆ ಅವರಿಗೆ ವಹಿಸಿ. ಅವರ ಒಲವು ಎಷ್ಟು ಗಟ್ಟಿ ಎಂಬುದು ಅವರಿಗೂ ನಮಗೂ ಆಗ ತಿಳಿಯುತ್ತದೆ. ಯಾವ ಬಂಡವಾಳವನ್ನೂ ನಾವು ವಿಚಾರಿಸದೆ ಹೂಡುವುದಿಲ್ಲ. ವಿಚಾರಿಸದೆ ನಿರಾಕರಿಸುವುದೂ ವ್ಯಾಪಾರಧರ್ಮವಲ್ಲ.