ಮನೆಯವರಿಗೆ ಅಮಾನತಿನ ಕಾಗದ ಬಂದರೆ

ತುಳಸಿಗೇರಿ ಹನುಮಪ್ಪನ ಜಾತ್ರೆಗೆ ಹೋದವರು ನೋಡಿಯೇ ಇರುತ್ತೀರಿ. ನಾವು ಕಾಯಿ ಒಡೆಸಿ, ಮಕ್ಕಳಿಗೆ ಬೆಂಡು ಬೆತ್ತಾಸು ಕೊಡಿಸಿ ಮನೆ ಸೇರಿದ ಮೇಲೂ ಬಂದೋಬಸ್ತಿನ ಪೊಲೀಸಪ್ಪ ಅಲ್ಲೇ ನಿಂತಿರುತ್ತಾನೆ. ಅವನ ಮನೆಯಲ್ಲೂ ಒಬ್ಬಾಕೆ ರೊಟ್ಟಿ ಬಡಿದಿಟ್ಟು ದಾರಿ ಕಾಯುತ್ತಿರುತ್ತಾಳೆ. ಕರ್ತವ್ಯಲೋಪವೆಂದೋ, ಮೇಲಿನವರಿಗೆ ಎದುರಾಡಿದರೆಂದೋ ಒಂದು ದಿನ ಅಮಾನತಿನ ಆದೇಶ ಬಂದರೆ ಆಕೆ ಏನು ಮಾಡಬೇಕು?

ಮೊದಲು ಒಂದು ಮಾತು ತಿಳಿದುಕೊಳ್ಳಿ. ಅಮಾನತು ಎಂದರೆ ಕೆಲಸ ಹೋಯಿತು ಅಂತಲ್ಲ, ಅದು ಶಿಕ್ಷೆಯೂ ಅಲ್ಲ. ವಿಚಾರಣೆ ಮುಗಿಯುವತನಕ ದೂರ ಇಡುವುದು, ಅಷ್ಟೇ. ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನವರು ಸರಕಾರಿ ನೌಕರನನ್ನು ವಜಾ ಮಾಡುವಂತಿಲ್ಲ. ಆರೋಪವೇನೆಂದು ತಿಳಿಸಿ, ಅವನ ಮಾತು ಕೇಳದೆ ಕಳಿಸುವಂತೆಯೂ ಇಲ್ಲ. ಸಂವಿಧಾನದ 311ನೆಯ ವಿಧಿ ಹೀಗೆ ಹೇಳುತ್ತದೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಶಿಕ್ಷೆಯಾದಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ನಮ್ಮ ಪೊಲೀಸರ ವಿಚಾರಣೆ ಹೇಗೆ ನಡೆಯಬೇಕೆಂಬುದಕ್ಕೆ 1965ರ ಶಿಸ್ತು ನಡವಳಿ ನಿಯಮಗಳೇ ಇವೆ.

ಸಂಬಳ ನಿಂತರೆ ಒಲೆ ಹೇಗೆ ಉರಿಯಬೇಕು ಅಂತೀರಾ? ಅದಕ್ಕಾಗಿಯೇ ಜೀವನಾಧಾರ ಭತ್ಯೆ. ಇದನ್ನು ದಾನವೆಂದು ತಿಳಿಯಬೇಡಿ. ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿ ಕ್ಯಾಪ್ಟನ್ ಪಾಲ್ ಆಂಟನಿ ಅವರನ್ನು 1985ರಲ್ಲಿ ಅಮಾನತು ಮಾಡಿದರು. ಭತ್ಯೆ ಕೊಡಲಿಲ್ಲ. ಅವರಿದ್ದದ್ದು ಕೇರಳದ ಊರಿನಲ್ಲಿ; ವಿಚಾರಣೆಗೆ ಬರಲು ಕೈಯಲ್ಲಿ ಕಾಸಿಲ್ಲ. ಬಂದಿಲ್ಲವೆಂದು ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. ಮರುವರ್ಷ ಅದೇ ಆರೋಪದ ಕ್ರಿಮಿನಲ್ ಮೊಕದ್ದಮೆಯಲ್ಲಿ ಅವರು ಖುಲಾಸೆಯಾದರು. ಆದರೂ ನೌಕರಿ ಮರಳಲು 1999ರ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು. ಭತ್ಯೆ ಕೊಡದೆ ನಡೆಸಿದ ಆ ವಿಚಾರಣೆ ನಿಲ್ಲುವುದಿಲ್ಲವೆಂದಿತು ನ್ಯಾಯಾಲಯ. ಹದಿನಾಲ್ಕು ವರ್ಷ! ಆ ಮನೆಯಾಕೆ ಹೇಗೆ ದಿನ ದೂಡಿದರೋ, ತೀರ್ಪಿನಲ್ಲಿ ಅದೆಲ್ಲ ಬರೆಯುವುದಿಲ್ಲ.

ಬೇರೆ ನೌಕರರಂತೆ ಸಂಘ ಕಟ್ಟಿ ಮುಷ್ಕರ ಹೂಡೋಣವೆಂದರೆ ಪೊಲೀಸರಿಗೆ 1966ರ ಕೇಂದ್ರ ಕಾಯಿದೆಯ ಕಟ್ಟು ಇದೆ. ರಜೆ, ಸಂಬಳ, ಮೇಲಧಿಕಾರಿಗಳ ಕಿರುಕುಳದ ದೂರುಗಳು ಸೇರಿ 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಬೇಕೆಂಬ ಕರೆ ಬಂದಿತ್ತು. ಕರೆ ಕೊಟ್ಟ ಮುಖಂಡರ ಮೇಲೆ ರಾಜದ್ರೋಹದ ಮೊಕದ್ದಮೆ ಬಿತ್ತು. ಆದರೂ ಬೇಡಿಕೆ ಪೂರಾ ವ್ಯರ್ಥವಾಗಲಿಲ್ಲ. ಔರಾದಕರ್ ಸಮಿತಿ ವರದಿ ಕೊಟ್ಟಿತು, 2019ರಲ್ಲಿ ಸಂಬಳ ಪರಿಷ್ಕರಣೆಯಾಯಿತು.

ಒಬ್ಬೊಬ್ಬರ ದೂರಿಗೆ ಉಳಿಯುವ ದಾರಿ ಕಾಗದದ್ದೇ. ಆರೋಪಪಟ್ಟಿಗೆ ಗಡುವಿನೊಳಗೆ ಲಿಖಿತ ಉತ್ತರ ಕೊಡಲಿ. ಸಿಟ್ಟಿನಿಂದ ನೋಟೀಸು ತೆಗೆದುಕೊಳ್ಳದೆ ವಾಪಸು ಕಳಿಸುವುದು ಬೇಡವೇ ಬೇಡ. ಶಾಸಕರ ಚೀಟಿ ತರೋಣ ಅಂತ ಯಾರಾದರೂ ಹೇಳಿಯಾರು, ಕಿವಿಗೆ ಹಾಕಿಕೊಳ್ಳಬೇಡಿ. ಹೊರಗಿನ ಒತ್ತಡ ತಂದರೆ ನಡತೆ ನಿಯಮದಡಿ ಅದೇ ಇನ್ನೊಂದು ತಪ್ಪಾಗುತ್ತದೆ. ಆದೇಶ, ಲಕೋಟೆ, ಸ್ವೀಕೃತಿ ಚೀಟಿ ಎಲ್ಲವನ್ನೂ ತಾರೀಖಿನ ಪ್ರಕಾರ ಟ್ರಂಕಿನಲ್ಲಿಡುವ ಕೆಲಸ ನಿಮ್ಮದು. ನಾವು ಹಾಲಿನ ಲೆಕ್ಕ ಇಡುವವರು, ಇದೇನು ಮಹಾ!

ಶಿಕ್ಷೆಯಾದರೆ ಮೊದಲು ಇಲಾಖೆಯಲ್ಲೇ ಮೇಲ್ಮನವಿ. ಅಲ್ಲೂ ಸೋತರೆ ಒಂದು ವರ್ಷದೊಳಗೆ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರವೇ ಬಾರದಿದ್ದರೂ ಆ ಬಾಗಿಲು ತೆರೆದಿರುತ್ತದೆ. 1986ರಲ್ಲಿ ಶುರುವಾದ ಈ ಮಂಡಳಿಗೆ ಈಗ ಬೆಳಗಾವಿಯಲ್ಲೂ ಪೀಠವಿದೆ. ಬಾಗಲಕೋಟೆ ಕಡೆಯವರು ಇದಕ್ಕಾಗಿ ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ.